ಚಿಟ್ಟೆ ಹೊಡೆದ ಗೂಡು

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನಲ್ಲಿ
ನನ್ನದು ತಕ್ಕಡಿ ಕೆಲಸ.
ಲಾಟಿಗೊಂದು ಚೀಟಿ, ಚೀಟಿಗೊಂದು ನಂಬರು.
ಆ ಗುರುವಾರ ನನ್ನ ಜೇಬಿನ ಫೋನಿನಲ್ಲೂ ಒಂದು ಲಾಟು:
ಬ್ಯಾಟರಿ ಕಂಪನಿಯೊಂದರ ಕಾಲ್ ಒಂದು, ಪುಟ್ ಒಂದು,
ಮುನ್ನೂರು ಷೇರಿನದು.
ಆ ಕಂಪನಿಯ ಬ್ಯಾಟರಿ ನಾನು ಕಣ್ಣಲ್ಲೂ ಕಂಡವನಲ್ಲ.
ನಮ್ಮ ತಕ್ಕಡಿಗೆ ಹಾಕೋದು ಬೇರೆ.

ಸಂಜೆ ನಾಲ್ಕಕ್ಕೆ ಮೂರು ತಿಂಗಳ ಲೆಕ್ಕ ಹೊರಬೀಳುತ್ತದೆ.
ಅರವತ್ತೆರಡು ಕೊಟ್ಟು ಏರು ಕೊಂಡಿದ್ದೆ,
ಐವತ್ತೆಂಟು ಕೊಟ್ಟು ಇಳಿತ.
ಏರಿದರೂ ನನ್ನದೇ, ಇಳಿದರೂ ನನ್ನದೇ.
ನಿಂತಲ್ಲೇ ನಿಂತರೆ ಮಾತ್ರ ಕೆಟ್ಟೆ;
ನಿಲ್ಲುತ್ತದೆಯೇ ಯಾವುದಾದರೂ, ಇಂಥ ಕಾಲದಲ್ಲಿ?

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ:
ಲಾಭ ನೂರಕ್ಕೆ ಹದಿನೆಂಟು ಜಾಸ್ತಿ ಬಂದಿದೆ.
ಯಾರಿಗೆ? ಅಂದಳು ಸುಗುಣ.
ಕಂಪನಿಗೆ.
ಮತ್ತೆ ನೀನ್ಯಾಕೆ ನಗ್ತಿದ್ದೀಯ?

ಶುಕ್ರವಾರ. ಒಳಗೆ ಗೂಡಿನ ಹರಾಜು,
ಹೊರಗೆ ಟೀ ಗಾಡಿ ಹತ್ತಿರ ನಾನು, ಅಂಗೈಯಲ್ಲಿ ಫೋನು.
ಷೇರು ಮೂವತ್ತೆಂಟು ರೂಪಾಯಿ ಏರಿತು.
ಪುಟ್ಟು ಹದಿಮೂರಕ್ಕೆ ಮುದುಡಿತು, ಇರಲಿ,
ಅದು ಸಾಯಬೇಕಾದ್ದೇ.
ಆದರೆ ಏರಿನ ಮೇಲೆ ಕಟ್ಟಿದ್ದ ಕಾಲೂ
ಐವತ್ತೊಂದಕ್ಕೆ ಇಳಿದು ಕೂತಿತ್ತು.
ಏರಿದೆ, ಇಳಿದಿದೆ. ಎರಡೂ ನಿಜ.
ಹದಿನಾರು ಸಾವಿರದ ಎಂಟುನೂರು ಹೋಗಿದ್ದೂ ನಿಜ,
ನನ್ನ ಒಂದು ತಿಂಗಳು.

ಇಮ್ದಾದನ ಫಿಲೇಚರಿಗೆ ಹೋದೆ.
ಅವನು ರೀಲರು; ಕೊಳ್ಳುವುದು ಗೂಡು ಮಾತ್ರ.
ಆಪ್ಷನ್ನು ಯಾವತ್ತೂ ಕೊಳ್ಳುವವನಲ್ಲ, ಮಾರುವವನು.
ಬಿಸಿನೀರಿನ ಹಬೆ, ಹುಳ ಬೆಂದ ವಾಸನೆ.
ನೂಲಿನ ತುದಿ ಹುಡುಕುತ್ತಲೇ ಹೇಳಿದ:
ಅಣ್ಣಾ, ನೀನು ಕೊಟ್ಟಿದ್ದು
‘ಏನಾಗುತ್ತೋ’ ಅನ್ನೋದಕ್ಕೆ ಬೆಲೆ.
ಆಯ್ತಲ್ಲ. ಇನ್ನೇನಿದೆ ಅದರಲ್ಲಿ?

ಅವನ ಕಾಲ ಬಳಿ ಕಸದ ಮಂಕರಿ.
ಅದರಲ್ಲಿ ಚಿಟ್ಟೆ ಹೊಡೆದ ಗೂಡುಗಳು:
ತೂತಿನ ಸುತ್ತ ಕಂದು ಕಲೆ,
ಉಗುರಿಂದ ಎಳೆದರೆ ತುಂಡು ತುಂಡು ಎಳೆ.
ಹುಳ ಹಣ್ಣಾಗಿ ಚಂದ್ರಿಕೆ ಹತ್ತಿದ್ದು ಸುಳ್ಳಲ್ಲ,
ಕಟ್ಟಿದ್ದು ಸುಳ್ಳಲ್ಲ, ರೆಕ್ಕೆ ಬಂದದ್ದಂತೂ ನಿಜವೇ ನಿಜ.
ಹೊರಗೆ ಬಂತು ನೋಡು,
ಅಲ್ಲಿಗೆ ಕೆ.ಜಿ. ಲೆಕ್ಕ ಮುಗಿಯಿತು.
ಬಾಣಲಿಯಲ್ಲಿ ತೇಲುತ್ತಿದ್ದವು ಇನ್ನೊಂದಷ್ಟು,
ಏನೂ ಆಗದೇ ಉಳಿದವು.
ಒಳಗಿನ ರೆಕ್ಕೆ ಯಾವ ಬಣ್ಣದ್ದಾಗುತ್ತಿತ್ತೋ.
ಅವುಗಳಿಂದಲೇ ನೂಲು.

ಮುಂದಿನ ವಾರ ಪೇಂಟ್ ಕಂಪನಿಯೊಂದರ ಲೆಕ್ಕ ಇದೆ.
ಇನ್ನು ಕೊಳ್ಳುವುದಿಲ್ಲ ಎಂದು
ಸುಗುಣಳ ಕೈಮೇಲೆ ಕೈಯಿಟ್ಟು ಹೇಳಿದ್ದೇನೆ.
ಮಾರುವ ಮಾತು ಅವಳು ಎತ್ತಲಿಲ್ಲ,
ನಾನೂ ಎತ್ತಲಿಲ್ಲ.

ಬೆಳಿಗ್ಗೆ ತಕ್ಕಡಿಯಿಂದ ಒಂದು ಗೂಡು ತೆಗೆದು
ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ.
ಗಲ್ ಅಂತು.
ಹಿಂದಿದ್ದ ರೈತ ಗದರಿದ:
ತೂಕ ಹಾಕಪ್ಪ, ಹೊತ್ತಾಯ್ತು.