ಎರಡು ವಿಸಿಲ್

ಮೂವತ್ತೊಂದು ವರ್ಷ ನಾನು ಬಸ್ಸು ಹೊರಡಿಸಿದವನು.
ಕದನೂರು, ಕಾಕೋಟುಪರಂಬು, ಬೇತ್ರಿ, ಮೂರ್ನಾಡು, ಮಡಿಕೇರೀ –
ಒಂದೇ ಉಸಿರಿಗೆ ಕೂಗುತ್ತಿದ್ದೆ,
ಎದುರು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು
ಲೋಟ ಬಿಟ್ಟು ಓಡಿ ಬರುವ ಹಾಗೆ.
ಈಗ ಕದೀಜ ಅಡುಗೆಮನೆಯಿಂದ ಕೇಳುತ್ತಾಳೆ,
"ಏನೋ ಅಂದ್ರಲ್ಲಾ?"
ಅಂದದ್ದು ಹೌದು.
ಗಂಟಲು ದಾಟಲಿಲ್ಲ.

ಮೊದಲು ಶುರುವಾದದ್ದು ಬಲಗೈ ಹೆಬ್ಬೆರಳು.
ತೋರುಬೆರಳಿನ ಮೇಲೆ ಉರುಳುತ್ತಲೇ ಇತ್ತು,
ನಾಕಾಣೆ ಎಂಟಾಣೆ ಎಣಿಸಿದ ಹಾಗೆ.
ಕಂಡಕ್ಟರನ ಕೈ, ಅಭ್ಯಾಸಬಲ ಎಂದರು ಎಲ್ಲರೂ. ನಾನೂ ಅಂದೆ.
ಮೈಸೂರಿನ ಡಾಕ್ಟರು ಮಾತ್ರ ಕೈ ನೋಡದೆ
ನಾನು ಬಾಗಿಲಿಂದ ಕುರ್ಚಿವರೆಗೆ ಬಂದದ್ದನ್ನು ನೋಡಿದರು.
ಚೀಟಿಯಲ್ಲಿ ಒಂದು ಹೆಸರು ಬರೆದರು.
ಊರಿನ ಹೆಸರಿನಂತೆ ಕಂಡಿತು,
ನಾನು ಯಾವತ್ತೂ ಹೋಗದ ರೂಟಿನದು.

ಬಾಗಿಲು. ಅದರ ವಿಷಯ ಹೇಳಬೇಕು.
ಎಂಬತ್ತು ಜನ ತುಂಬಿದ ಬಸ್ಸಿನ ಬಾಗಿಲಲ್ಲಿ
ಒಂಟಿ ಕಾಲಲ್ಲಿ ನೇತಾಡಿದವನು
ಬಚ್ಚಲಿನ ಹೊಸ್ತಿಲ ಮುಂದೆ ನಿಂತುಬಿಡುತ್ತೇನೆ.
ಮೈ ಮುಂದೆ ಹೋಗುತ್ತದೆ, ಅಂಗಾಲು ಬರುವುದಿಲ್ಲ.
"ನಡೀರಿ" ಅನ್ನುತ್ತಾಳೆ ಕದೀಜ.
ಪಾಪ, ಅವಳಿಗೆ ಏನು ಗೊತ್ತು,
ಮುಂದೆ ಡ್ರೈವರೇ ಇಲ್ಲ ಅಂತ.

ಮಂಗಳವಾರ, ಶುಕ್ರವಾರ
ಆಸ್ಪತ್ರೆಯ ಹಿಂದಿನ ಶೀಟಿನ ಹಾಲಿನಲ್ಲಿ ನಡಿಗೆ ಪಾಠ.
ಡ್ರಿಲ್ ಮೇಷ್ಟ್ರು ಬೆಳ್ಯಪ್ಪ, ಟೈಲರ್ ಸೆಬಾಸ್ಟಿನ್,
ಅಮ್ಮತ್ತಿಯಿಂದ ಬರುವ ಪೊನ್ನಕ್ಕ, ನಾನು.
ಕಲಿಸುವವಳು ಲವೀನಾ, ಇಪ್ಪತ್ತಾರು ವರ್ಷ;
ಅವಳ ತಾಯಿಗೆ ನಾನು ಅರ್ಧ ಟಿಕೆಟ್ ಹರಿದು ಕೊಟ್ಟಿದ್ದೇನೆ.

ನೆಲದ ಮೇಲೆ ಹಳದಿ ಟೇಪು, ಒಂದೂವರೆ ಅಡಿಗೊಂದು.
"ಗೆರೆ ತುಳಿಯಬೇಡಿ, ದಾಟಿ. ಹಿಮ್ಮಡಿ ಮೊದಲು."
ಗೆರೆ ಇದ್ದಲ್ಲಿ ಕಾಲಿಗೆ ಬುದ್ಧಿ ಬರುತ್ತದೆ.
ಸಪಾಟು ನೆಲವೇ ಕಷ್ಟ.
ಅವಳ ಮೊಬೈಲಿನೊಳಗೆ ಟಕ್, ಟಕ್, ಟಕ್.
ಬೆಳ್ಯಪ್ಪ ಮೇಷ್ಟ್ರು ಲೆಫ್ಟ್ ರೈಟ್ ಅಂತ
ತನಗೆ ತಾನೇ ಆಜ್ಞೆ ಕೊಟ್ಟುಕೊಳ್ಳುತ್ತಾರೆ,
ಎಡಗಾಲು ಮಾತ್ರ
ಹಾಜರಿ ಕೂಗಿದರೂ ಎದ್ದು ನಿಲ್ಲದ ಹುಡುಗ.
ಪೊನ್ನಕ್ಕ ನಗುತ್ತಾರೆ.
ನಗು ಮುಖಕ್ಕೆ ಬರುವುದಿಲ್ಲ ಅವರಿಗೆ,
ಭುಜ ಅಲುಗುತ್ತದೆ. ನಮಗೆ ತಿಳಿಯುತ್ತದೆ.

ತಿರುಗುವುದು ಬೇರೆಯೇ ಪಾಠ.
"ನಿಂತಲ್ಲೇ ತಿರುಗಬೇಡಿ ಅಂಕಲ್, ದೊಡ್ಡ ಸುತ್ತು ಹಾಕಿ."
ಇರಿಟ್ಟಿ ಬಸ್ಸಿನಲ್ಲಿದ್ದಾಗ, ಮಾಕುಟ್ಟ ಘಾಟಿಯಲ್ಲಿ
ಪೆಮ್ಮಯ್ಯ ಹಾಗೇ ತೆಗೆದುಕೊಳ್ಳುತ್ತಿದ್ದ ತಿರುವನ್ನು –
ಹೊರಗಿನ ಅಂಚಿಗೆ ಹೋಗಿ, ನಿಧಾನಕ್ಕೆ, ಮೂತಿ ಒಳಗೆ.
ಹಿಂದಿನ ಬಾಗಿಲಲ್ಲಿ ನಿಂತು ನಾನು
ಬರ್ಲಿ, ಬರ್ಲಿ, ಅನ್ನುತ್ತಿದ್ದೆ.
ಈಗ ಹಾಗೆ ಅನ್ನಲು ನನ್ನ ಹಿಂದೆ ಯಾರು?
ನಾನೇ ಅಂದುಕೊಂಡೆ. ಬರ್ಲಿ.
ಬಂತು.

ಕಳೆದ ಶುಕ್ರವಾರ ಪಾಠ ಮುಗಿಸಿ
ಗಡಿಯಾರ ಕಂಬದ ಹತ್ತಿರ ರಸ್ತೆ ದಾಟುತ್ತಿದ್ದೆ.
ಬಿಳಿ ಪಟ್ಟೆ ಇದ್ದಷ್ಟು ದೂರ
ಲವೀನಾ ಕಂಡರೆ ಭೇಷ್ ಅನ್ನುವ ಹಾಗೆ ನಡೆದೆ.
ಪಟ್ಟೆ ಅಳಿಸಿಹೋದಲ್ಲಿ ಕಾಲು ಕೇಳಿತು:
ಮುಂದೆ?
ಈ ಕಡೆ ಜೀಪು, ಆ ಕಡೆ ಆಟೋ,
ಹಾರ್ನ್ ಹೊಡೆದಷ್ಟೂ ಪಾದ ಡಾಂಬರಿಗೆ ಅಂಟುತ್ತದೆ.
ಬೆನ್ನಲ್ಲಿ ಬೆವರು. ಯಾರೋ ತೋಳು ಹಿಡಿಯಲು ಬಂದರು,
ಬೇಡ ಅಂದೆ. ಅದೂ ಅವರಿಗೆ ಕೇಳಿಸಲಿಲ್ಲ.

ಎದುರು ಬದಿಯಲ್ಲಿ ಮಡಿಕೇರಿ ಬಸ್ಸು
ಜನ ಹತ್ತಿಸಿಕೊಳ್ಳುತ್ತಿತ್ತು.
ಅದರ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ,
ಫುಟ್‌ಬೋರ್ಡಿನಿಂದ ಎರಡು ವಿಸಿಲ್ ಹೊಡೆದ.

ಹೊಡೆದದ್ದು ಬಸ್ಸಿಗೆ.
ಹೊರಟವನು ನಾನು.

ಅಂಗಡಿಯ ಕಟ್ಟೆ ಹಿಡಿದು ತಿರುಗಿ ನೋಡಿದೆ,
ದೊಡ್ಡ ಸುತ್ತು ಹಾಕಿಯೇ.
ಬಸ್ಸು ಕದನೂರಿನ ಕಡೆ ಸಾಗಿತ್ತು.
ಆ ಹುಡುಗ ನೋಟುಗಳನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಗೆ ಸಿಕ್ಕಿಸಿಕೊಂಡು
ಯಾರನ್ನೋ ಚಿಲ್ಲರೆಗೆ ಬೈಯುತ್ತಿದ್ದ.

ಹೆಬ್ಬೆರಳು ಮತ್ತೆ ಎಣಿಸತೊಡಗಿತು.
ಎಣಿಸಲಿ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ
ಎಷ್ಟು ಜನರಿಗೆ ಬರೆದುಕೊಟ್ಟಿದ್ದೇನೆ ನಾನು!
ಜೇಬಿನಲ್ಲಿದ್ದ ಗುಳಿಗೆ ಚೀಟಿ ತೆಗೆದು, ಹಿಂದೆ,
ಇರುವೆಯಷ್ಟು ಸಣ್ಣಗಾದ ನನ್ನ ಅಕ್ಷರದಲ್ಲಿ
ಬರೆದಿಟ್ಟುಕೊಂಡೆ:
ಮಡಿಕೇರಿ ಬಸ್ಸಿನ ಹುಡುಗನಿಗೆ, ಬಾಕಿ.