ಒಂದಕ್ಷರಕ್ಕೆ ಒಂದಂಕ

ನನ್ನ ಕೆಲಸ ಕಳೆಯುವುದು.
ಹತ್ತರಿಂದ ಶುರು, ಆಮೇಲೆ ಬರೀ ಇಳಿಜಾರು:
ಮಂಡಿ ಬಾಗಿದರೆ ಒಂದು, ಇಳಿದಲ್ಲಿ ನಿಲ್ಲದಿದ್ದರೆ ಒಂದು,
ಪಾದದ ತುದಿ ಚೂಪಾಗದಿದ್ದರೆ ಒಂದು.
ಒಂದೆಂದರೆ ಅಂಕದ ಹತ್ತನೇ ಪಾಲು,
ಕೊಸರಿಗೆ ಕೊಡುವ ಕರಿಬೇವಿನಷ್ಟು.
ಮೂವತ್ತೊಂದು ವರ್ಷ ಒಂಟಿಕೊಪ್ಪಲಿನ ಶಾಲೆಯಲ್ಲಿ
ಸೀಟಿ ಊದಿದವಳಿಗೆ ಇಷ್ಟು ಜಿಪುಣತನ ಕಷ್ಟವಲ್ಲ.

ಆದರೆ ಕಾಗದದ ಕೆಳಗಡೆ ಇನ್ನೊಂದು ಕಾಲಂ ಇದೆ:
ಕಲಾತ್ಮಕತೆ.
ರಾಗ ಒಂದು ಕಡೆ, ಹುಡುಗಿ ಒಂದು ಕಡೆ ನಡೆದರೆ ಕಳೆ.
ಸಂಗೀತ ಬರೀ ಗೋಡೆಯ ಬಣ್ಣವಾದರೆ ಕಳೆ.
ಮುಖ ರೇಷನ್ ಕಾರ್ಡಿನ ಫೋಟೋದಂತಿದ್ದರೆ ಕಳೆ.
ಇದನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲ.
ಇಲ್ಲಿಗೆ ಬಂದಾಗ ನನ್ನ ಪೆನ್ಸಿಲ್ ಸ್ವಲ್ಪ ನಿಧಾನ.

ಚಾಮುಂಡಿ ವಿಹಾರದ ಒಳಾಂಗಣ. ಮಧ್ಯಾಹ್ನ ಮೂರು.
ಬೆಳಗಿನಿಂದ ಹದಿನೇಳು ಹುಡುಗಿಯರು,
ಅದೇ ಪಿಟೀಲು, ಅದೇ ಢಂ ಢಂ,
ಹೆಸರಿಲ್ಲದ ಯಾವುದೋ ಯುದ್ಧ ಗೆದ್ದು ಬಂದಂಥ ಸದ್ದು.
ಹದಿನೆಂಟನೆಯವಳು ರೆಜಿನಾ. ಗಾಂಧಿನಗರ. ಹದಿನಾಲ್ಕು ವರ್ಷ.
ಮೂಲೆಯಲ್ಲಿ ನಿಂತು ಕೈ ಎತ್ತಿದಳು.
ಸ್ಪೀಕರಿನಿಂದ ಬಂದದ್ದು ಕ್ಲಾರಿನೆಟ್.

ಒಂಟಿ ಕ್ಲಾರಿನೆಟ್. ಹಿಂದೆ ಒಂದು ಡೋಲೂ ಇಲ್ಲ.
ಆನಂದಭೈರವಿಯೇ ಇರಬೇಕು, ಆದರೆ
ಮದುವೆ ಮೆರವಣಿಗೆಯ ಧೂಳು ಕುಡಿದ ಆನಂದಭೈರವಿ.
ಅಶೋಕ ರಸ್ತೆಯಲ್ಲಿ ಎಷ್ಟು ರಾತ್ರಿ, ಟ್ಯೂಬ್‌ಲೈಟುಗಳ ನಡುವೆ,
ಹಿಂದಕ್ಕೆ ನಡೆಯುತ್ತ ಊದಿದೆಯೋ ಆ ಉಸಿರು!
ನಡುವೆ ಸ್ಕೂಟರೊಂದು ಹಾದುಹೋಯಿತು, ರೆಕಾರ್ಡಿನೊಳಗೇ.
ಕುಕ್ಕರು ಒಮ್ಮೆ ಕೂಗಿತು.

ಮೊದಲ ಓಟ, ಎರಡು ಪಲ್ಟಿ, ಇಳಿದಾಗ ಒಂದು ಹೆಜ್ಜೆ: ಕಳೆದೆ.
ನೆಗೆತದಲ್ಲಿ ಕಾಲು ಪೂರ್ತಿ ಬಿಚ್ಚಲಿಲ್ಲ: ಕಳೆದೆ.
ಮುಖದ ತುಂಬ ಲೆಕ್ಕ. ತುಟಿ ಎಣಿಸುತ್ತಿತ್ತು ಐದು, ಆರು, ಏಳು;
ರಾಗ ಅವಳ ಬೆನ್ನ ಹಿಂದೆ ಒಂಟಿಯಾಗಿ ಬರುತ್ತಿತ್ತು.
ಕೆಳಗಿನ ಕಾಲಂಗೆ ಪೆನ್ಸಿಲ್ ಇಳಿಸಿದೆ.

ಆಗ, ಕೊನೆಯ ಓಟಕ್ಕೆ ಮೊದಲು,
ಮೂಲೆಯಲ್ಲಿ ಅವಳು ಏದುಸಿರು ಬಿಡುವಾಗ
ವಾದ್ಯ ನಿಂತಿತು. ಊದುವವನು ಉಸಿರೆಳೆದುಕೊಂಡ.
ಆ ಉಸಿರಿನ ತುದಿಯಲ್ಲಿ, ಮೆಲ್ಲಗೆ,
ಬೀದಿ ನಲ್ಲಿಯ ಬಳಿ ನೀರಾಡುವ ಮಗುವನ್ನು ಕರೆದ ಹಾಗೆ
“ಬಾ.”

ರೆಜಿನಾ ತಲೆಯೆತ್ತಿದಳು.
ಮೊದಲು ಗದ್ದ, ಆಮೇಲೆ ಭುಜ, ತಡವಾಗಿ ಬೆರಳು.
ಎಣಿಕೆ ತುಟಿಯಿಂದ ಉದುರಿಹೋಯಿತು.
ಅಲ್ಲಿಂದ ಇಪ್ಪತ್ತು ಸೆಕೆಂಡು
ಯಾರು ಯಾರನ್ನು ಊದುತ್ತಿದ್ದರೋ ತಿಳಿಯಲಿಲ್ಲ.
ಪೆನ್ಸಿಲ್ ಎತ್ತಿದ್ದೆ, ಎತ್ತಿಯೇ ಇದ್ದೆ.

ನಿಯಮ ಹೀಗಿದೆ: ದನಿ ಇರಬಹುದು, ಮಾತಿರಬಾರದು.
ಮಾತಿದ್ದರೆ ಇಡೀ ಒಂದು ಅಂಕ,
ಬೆನ್ನಡಿಯಾಗಿ ನೆಲಕ್ಕೆ ಬಿದ್ದಷ್ಟು.

ಮುಖ್ಯ ತೀರ್ಪುಗಾರ್ತಿ ಅಗರ್ತಲಾದವರು, ಕಿವಿ ಬಲು ಸೂಕ್ಷ್ಮ.
ನನ್ನ ಕಡೆ ಬಾಗಿದರು: ಅದು ಮಾತೋ, ಸದ್ದೋ?
ಆ ಮೇಜಿನಲ್ಲಿ ಆ ಅಕ್ಷರಕ್ಕೆ ಅರ್ಥವಿದ್ದದ್ದು ನನಗೊಬ್ಬಳಿಗೆ.
ಅದಕ್ಕಿಂತ ಚಿಕ್ಕ ವಾಕ್ಯ ನನ್ನ ಭಾಷೆಯಲ್ಲಿಲ್ಲ.
ಕರೆಯುವವರಿದ್ದಾರೆ ಅದರಲ್ಲಿ, ಹೋಗಬೇಕಾದವರೂ ಇದ್ದಾರೆ,
ನಡುವಿನ ದಾರಿಯೂ ಇದೆ.

“ಉಸಿರು,” ಅಂದೆ.

ಸುಳ್ಳಲ್ಲ. ಕಿವಿ ಮಾತ್ರ ಬಿಸಿಯಾಯಿತು.

ಬೋರ್ಡಿನ ಮೇಲೆ ಹನ್ನೊಂದು ಪಾಯಿಂಟ್ ನಾಲ್ಕು. ನಾಲ್ಕನೇ ಸ್ಥಾನ.
ಪದಕವಿಲ್ಲ, ಹಾಗಾಗಿ ಯಾರೂ ತಕರಾರು ತೆಗೆಯಲಿಲ್ಲ.

ಗೇಟಿನ ಹತ್ತಿರ ಮೊಪೆಡ್ ಮೇಲೊಬ್ಬ ಆಸಾಮಿ,
ಬ್ಯಾಂಡಿನ ಕೆಂಪು ಕೋಟು, ಒಂದು ಭುಜದ ಜರಿ ಕಿತ್ತು ಜೋತಿತ್ತು.
“ಚೌರಪ್ಪ ಅಂತ. ಮಗು ಸೋದರಮಾವ.”
ಸಂಜೆಗೆ ಮಂಡ್ಯದಲ್ಲಿ ಆರತಕ್ಷತೆಯಂತೆ, ಹೊತ್ತಾಯಿತಂತೆ.
“ಮ್ಯೂಸಿಕ್ಕು ಸರಿಯಾಗಿತ್ತಾ ಮೇಡಂ?”
ಬಾ ಅಂದದ್ದು ಕೇಳಿಸಿತು, ಎಂದೆ.
ಹುಬ್ಬು ಗಂಟಿಕ್ಕಿ ಯೋಚಿಸಿದ.
“ನಾನಂದಿಲ್ವಲ್ಲ. ರೀಡು ಒದ್ದೆಯಾಗಿರಬೇಕು.”

ರೆಜಿನಾ ಓಡಿಬಂದು ಹಿಂದಿನ ಸೀಟಿಗೆ ಹಾರಿದಳು.
ಎಡ ಮಂಡಿ ಬಾಗಿತ್ತು.
ಅಭ್ಯಾಸಬಲ, ನೋಡಿಬಿಟ್ಟೆ.