ಅಂಗಾಲಲ್ಲದೆ ಮತ್ತೇನೂ

ಸಂಘ ಅಂದರೆ ಕನಿಷ್ಠ ಇಬ್ಬರು ಬೇಕು
ಎಂದಳು ನೋಂದಣಿ ಕಚೇರಿಯ ಹುಡುಗಿ,
ಫಾರಮ್ಮಿನ ಎರಡನೆಯ ಗೆರೆಗೆ ಬೆರಳಿಟ್ಟು.
ನಾನೊಬ್ಬನೇ ಹೋಗಿದ್ದೆ.
ಹೆಸರು: ಹೀಯುಮಾ ದ್ವೀಪದ ಸುಮೋ ಸಂಘ.
ಉದ್ದೇಶ: ತಳ್ಳುವುದು.
ಅಷ್ಟು ಸಾಲದು, ಇನ್ನೊಂದು ಮಾತು ಸೇರಿಸಿ ಎಂದಳು.
ಸೇರಿಸಿದೆ: ತಳ್ಳಿಸಿಕೊಳ್ಳುವುದು.

ಆಲೂಗಡ್ಡೆ ಗೋದಾಮು ಬಾಡಿಗೆಗೆ ಸಿಕ್ಕಿತು,
ಸಾಮೂಹಿಕ ಬೇಸಾಯದ ಕಾಲದ್ದು,
ಗೋಡೆಗೆ ಇನ್ನೂ ಮೊಳಕೆಯ ವಾಸನೆ.
ಚರಂಡಿ ಅಗೆದಲ್ಲಿಂದ ಜೇಡಿಮಣ್ಣು, ಏಳು ಟ್ರೈಲರ್.
ತುಳಿದೆ. ನೀರು ಚಿಮುಕಿಸಿದೆ. ಮತ್ತೆ ತುಳಿದೆ.
ಸುತ್ತ ಭತ್ತದ ಹುಲ್ಲಿನ ಸುರುಳಿ ಹೂಳಬೇಕಂತೆ;
ಭತ್ತದ ಮುಖ ಈ ದ್ವೀಪ ಕಂಡಿಲ್ಲ.
ಬಂದರಿನಲ್ಲಿ ಹಡಗು ಕಟ್ಟಿ ಕಟ್ಟಿ ಸವೆದ ಹಗ್ಗ ಬಿದ್ದಿತ್ತು,
ತೋಳಿನಷ್ಟು ದಪ್ಪ, ಡಾಂಬರು ಕುಡಿದದ್ದು.
ಅದನ್ನೇ ಅರ್ಧ ಹೂಳಿ ಬಳೆ ಮಾಡಿದೆ,
ಅಡ್ಡಳತೆ ನಾಲ್ಕೂವರೆ ಮೀಟರು,
ಒಂದು ಗೇಣು ಹೆಚ್ಚುಕಡಿಮೆ.
ಉಪ್ಪಿಗೆ ಮಾತ್ರ ಯಾರನ್ನೂ ಕೇಳಬೇಕಿರಲಿಲ್ಲ:
ಮೀನಿಗೆ ಹಾಕುವ ಹರಳುಪ್ಪು ಇಲ್ಲಿ ಮನೆಮನೆಯಲ್ಲೂ ಚೀಲಗಟ್ಟಲೆ.

ಲೈಬ್ರರಿ ಬಾಗಿಲಿಗೆ ಚೀಟಿ ಅಂಟಿಸಿದೆ.
ದಪ್ಪಗಿರಬೇಕೆಂದಿಲ್ಲ. ಹೆಂಗಸರೂ ಬರಬಹುದು.
ಒಳಗೆ ಚಡ್ಡಿ ಹಾಕಿಕೊಳ್ಳಬಹುದು.
ಕೆಳಗೆ ಯಾರೋ ಪೆನ್ಸಿಲಲ್ಲಿ ಬರೆದಿದ್ದರು:
ಹಸು ಬರಬಹುದೇ?

ಮೂರು ಮಂಗಳವಾರ ಒಬ್ಬನೇ ಕಾಲೆತ್ತಿ ನೆಲ ಕುಟ್ಟಿದೆ.
ಕಂಬ ತಳ್ಳಿದೆ.
ಕಂಬ ತಿರುಗಿ ತಳ್ಳುವುದಿಲ್ಲ,
ಅದೇ ಕಂಬದ ಕೊರತೆ.

ನಾಲ್ಕನೆಯ ಮಂಗಳವಾರ ಬಾಗಿಲು ಕಿರುಗುಟ್ಟಿತು.
ಆರ್ವೆಡ್.
ನನ್ನ ತಂಗಿಯ ಗಂಡ.
ಹನ್ನೊಂದು ವರ್ಷದ ಹಿಂದೆ, ಒಂದು ದೋಣಿಯ ಎಂಜಿನ್ನು,
ಅದನ್ನು ಯಾರು ಮಾರಿದರು, ದುಡ್ಡು ಯಾರ ಕಿಸೆ ಸೇರಿತು
ಎಂಬಲ್ಲಿಗೆ ಮಾತು ನಿಂತಿತ್ತು.
ಅಂಗಡಿಯಲ್ಲಿ ಎದುರಾದರೆ ಅವನು ಸಾಬೂನಿನ ಸಾಲಿಗೆ ತಿರುಗುವನು,
ನಾನು ಬ್ರೆಡ್ಡಿನ ಸಾಲಿಗೆ.
ಅವನ ಮನೆ ತುಂಬ ಸಾಬೂನು ಇರಬೇಕು.

'ಮಂಡಿ ಡಾಕ್ಟರು ವ್ಯಾಯಾಮ ಮಾಡು ಅಂದ'
ಎಂದು ಕಂಬಕ್ಕೆ ಹೇಳಿದ.

ಹಾಯಿಬಟ್ಟೆ ಮಡಚಿ ಸೊಂಟಕ್ಕೆ ಸುತ್ತಬೇಕು,
ಒಬ್ಬನ ಕೈಯಲ್ಲಾಗುವ ಕೆಲಸವಲ್ಲ.
ಅವನು ಗಿರಕಿ ತಿರುಗಿದ, ನಾನು ತುದಿ ಹಿಡಿದು ಬಿಗಿದೆ,
ಬೆನ್ನ ಹಿಂದೆ ಗಂಟು.
ನನ್ನ ಸರದಿ ಬಂದಾಗ
ಬೇಕಾದ್ದಕ್ಕಿಂತ ಒಂದು ಎಳೆತ ಹೆಚ್ಚೇ ಎಳೆದ.
ಹನ್ನೊಂದು ವರ್ಷಕ್ಕೆ ಅದು ಕಡಿಮೆಯೇ.

ಉಪ್ಪೆರಚಿದೆವು.
ಅವನ ಉಪ್ಪು ನಾನು ತಿಂದದ್ದೂ ಉಂಟು.
ಕುಕ್ಕರಗಾಲಲ್ಲಿ ಕೂತೆವು.
ಮುಷ್ಟಿ ನೆಲ ಮುಟ್ಟುವ ಮುನ್ನ
ಎದುರಿನವನ ಉಸಿರು ನೋಡಬೇಕು,
ಎರಡೂ ಒಂದಾದಾಗ ಏಳಬೇಕು; ಒಂದು ಎರಡು ಎನ್ನುವವರಿಲ್ಲ.
ಅವನ ಕಣ್ಣು ಕಂದು, ಮರೆತಿದ್ದೆ.

ಡಿಕ್ಕಿ.
ಕಿವಿಗೆ ಕಿವಿ, ಅವನ ಗಡ್ಡ ನನ್ನ ಕತ್ತಿನಲ್ಲಿ,
ಡೀಸೆಲ್ಲು, ಬೆವರು, ಕರಿರೊಟ್ಟಿ.
ಎಂಜಿನ್ನಿನ ತಕರಾರೆಲ್ಲ ಅಂಗೈಗಿಳಿದು ಕೂತಿತ್ತು,
ಅಲ್ಲಿಂದ ಮುಂದಕ್ಕೆ ಅದಕ್ಕೆ ದಾರಿಯಿಲ್ಲ,
ಅವನ ಪಕ್ಕೆಲುಬು ಬಿಟ್ಟು.
ನನ್ನ ಹಿಮ್ಮಡಿಗೆ ಹಗ್ಗ ಸಿಕ್ಕಿತು.
ಹಡಗು ತಡೆದ ಹಗ್ಗಕ್ಕೆ ನಾನು ಯಾವ ಲೆಕ್ಕ.
ಸೊಂಟ ತಿರುಗಿಸಿದೆ. ಅವನು ಬಿದ್ದ.
ಇಲ್ಲ, ನಾನೂ ಬಿದ್ದೆ. ಮೊದಲು ಯಾರು?
ತೀರ್ಪು ಕೊಡುವವರಿಲ್ಲದ ಗೋದಾಮು.

ಅಂಗಾಲಲ್ಲದೆ ಮತ್ತೇನು ಮಣ್ಣಿಗೆ ತಾಗಿದರೂ ಸೋಲು.
ಅವನ ಕೆನ್ನೆ, ನನ್ನ ಮೊಣಕೈ,
ಇಬ್ಬರ ಕುಂಡೆ, ಎಲ್ಲ ತಾಗಿತ್ತು.

'ಆ ಎಂಜಿನ್ನು...' ಎಂದ, ಮಾಡು ನೋಡುತ್ತ.
'ಮೊದಲು ನೆಲ ಗುಡಿಸು. ಸೋತವನ ಕೆಲಸ.'
'ಸೋತದ್ದು ನೀನು.'
ಪೊರಕೆ ಒಂದೇ ಇತ್ತು.

ಸಹಿಯ ಮಾತು ಎತ್ತಲಿಲ್ಲ.
ಮಣ್ಣು ಬಿರಿಯದ ಹಾಗೆ ಒದ್ದೆ ಗೋಣಿ ಹೊದಿಸಿದೆವು,
ಅವನೊಂದು ತುದಿ, ನಾನೊಂದು ತುದಿ.
ಗುರುವಾರವೂ ಉಂಟೇ ಎಂದು ಕೇಳಿದ,
ಮತ್ತೆ ಕಂಬವನ್ನೇ.
ಕಂಬದ ಪರವಾಗಿ ನಾನು
ಹೂಂ ಅಂದೆ.